ಏಳು ಗಂಟೆ

ಇಳಿದವರೆಲ್ಲ ಓಡುತ್ತಾರೆ,
ತಾನೇ ಸರಿಯುವ ನೆಲದ ಮೇಲೂ ಓಡುತ್ತಾರೆ.
ನಾನು ಕಂಬಿ ಹಿಡಿದು ನಿಂತೆ.
ಏಳು ವರ್ಷ ಯಾರದೋ ಮಗುವನ್ನು ಸೊಂಟದಲ್ಲಿ ಹೊತ್ತು
ಯಾರದೋ ಬಾಗಿಲುಗಳನ್ನು ಮೊಣಕೈಯಿಂದ ನೂಕಿದವಳು.
ಇವತ್ತು ಒಂದಷ್ಟು ದೂರ
ನೆಲವೇ ನನ್ನನ್ನು ಹೊರಲಿ.

ಫಲಕದಲ್ಲಿ ನಮ್ಮ ಲಿಪಿ,
ಸೊಂಟಕ್ಕೆ ಕೈಯಿಟ್ಟು, ಕಾಲು ಚಾಚಿ
ಜಗಳಕ್ಕೆ ನಿಂತ ಹೆಂಗಸರಂಥ ಅಕ್ಷರ.
ಕೂಡಿಸಿ ಕೂಡಿಸಿ ಓದಿದೆ: ಸಾಮಾನು, ಕೆಳಗೆ.

ಅದಕ್ಕೂ ಮೊದಲು ಸಾಲು.
ಜೆಡ್ಡಾದವರು, ಕುವೈತಿನವರು, ನನ್ನಂತೆ ಬೈರೂತಿನವರು,
ಒಂದೇ ಬಗೆಯ ಹೊಸ ಶಾಲು, ಒಂದೇ ಬಗೆಯ ಒಡೆದ ಬೆರಳು.
ಗಾಜಿನಾಚೆಯ ಹುಡುಗ ಗಟ್ಟಿಯಾಗಿ ಓದಿದ:
ಯೆಶಿಹರೆಗ್ ದೆಮಿಸ್ಸೆ.
ಸಾವಿರ ಬಳ್ಳಿಯವಳು ಅಂತ ಅರ್ಥ, ಅಜ್ಜಿ ಇಟ್ಟದ್ದು.
ಮೇಡಮ್ಮಿನ ಬಾಯಿಗೆ ಉದ್ದವಾಯಿತೆಂದು
ಇಷ್ಟು ದಿನ ನಾನು ಲೀನಾ.
ಹೌದು ಅನ್ನಲು ತಡವಾಯಿತು. ಅವನು ತಲೆಯೆತ್ತಿ ನೋಡಿದ.

ಹೊರಟ ದಿನದ ಮುದ್ರೆ, ಅವರ ಲೆಕ್ಕದಲ್ಲಿ:
ಎರಡು ಸಾವಿರದ ಹದಿನೇಳು.
ಅವನ ಬೆನ್ನ ಹಿಂದಿನ ಕ್ಯಾಲೆಂಡರು, ನಮ್ಮ ಲೆಕ್ಕದಲ್ಲಿ:
ಎರಡು ಸಾವಿರದ ಹದಿನೇಳು.
ನಾನು ಹೋಗಿಯೇ ಇಲ್ಲವೇನೋ ಎಂಬಂತೆ
ಆ ವರ್ಷ ಇಲ್ಲಿ ಕಾದು ಕೂತಿತ್ತು.
ನಗು ಬಂತು, ನುಂಗಿದೆ.
ಇಂಥ ಸಾಲಿನಲ್ಲಿ ನಕ್ಕವರ ಚೀಲ ಬಿಚ್ಚಿಸುತ್ತಾರೆ.

ಮೊದಲು ಬಂದ ಪೆಟ್ಟಿಗೆ ನನ್ನದಲ್ಲ,
ಆಮೇಲೆ ಬಂದದ್ದೂ ಅಲ್ಲ.
ಹಗ್ಗ ಬಿಗಿದು, ಮೇಲೆ ಪ್ಲಾಸ್ಟಿಕ್ಕು ಸುತ್ತಿ,
ಗಾಯದ ಕಾಲಿನಂತೆ ಬಂದದ್ದು ನನ್ನದು.

ಹೊರಗೆ ಕಾರುಗಳ ಬಯಲಿನಲ್ಲಿ
ಹೂ ಹಿಡಿದ ಅಮ್ಮಂದಿರು, ಕೇಕೆ, ಅಳು.
ತಿರುನೆಶ್ ಇಲ್ಲ.
ಯಾರದೋ ಫೋನು ಬೇಡಿ ಮಾಡಿದರೆ,
"ಏಳು ಗಂಟೆಗೆ ಅಂದೆಯಲ್ಲೇ! ಈಗಿನ್ನೂ ಒಂದು!
ತಲೆಗೆ ನೀರು ಹಾಕಿಕೊಳ್ಳುತ್ತಿದ್ದೇನೆ!"

ಅಯ್ಯೋ. ನಮ್ಮಲ್ಲಿ ಹೊತ್ತು ಹುಟ್ಟಿದ ಮೇಲೆ ತಾನೇ ಗಂಟೆ ಹುಟ್ಟುವುದು.
ಅವರ ಏಳು, ನಮ್ಮ ಒಂದು.
ಅಲ್ಲಿಗೂ ಇಲ್ಲಿಗೂ ಸೂರ್ಯ ಒಂದೇ ಎತ್ತರದಲ್ಲಿ,
ಮುಳ್ಳು ತಿರುಗಿಸುವುದೇ ಬೇಡ ಅಂದುಕೊಂಡು ಬಂದಿದ್ದೆ.

"ಅಲ್ಲೇ ಇರು. ಕದಲಬೇಡ" ಅಂದಳು ತಂಗಿ, ಪ್ರೀತಿಯಿಂದಲೇ.
ಈ ಮಾತನ್ನು ನಾನು ಬೇಕಾದಷ್ಟು ಕೇಳಿದ್ದೇನೆ.
ಪೆಟ್ಟಿಗೆಯ ಹಗ್ಗ ಹಿಡಿದು ನಡೆದೆ.

"ಟ್ಯಾಕ್ಸಿ? ಹೋಟೆಲ್? ಡಾಲರ್ ಇದೆಯಾ ಅಕ್ಕಾ?"
ಎಲ್ಲರನ್ನೂ ದಾಟಿ, ಇಳಿಜಾರು ಇಳಿದು, ದೊಡ್ಡ ರಸ್ತೆಗೆ.
ನೀಲಿ ಬಿಳಿ ವ್ಯಾನಿನ ಬಾಗಿಲಿಗೆ ಜೋತುಬಿದ್ದು
ಹುಡುಗ ಕೂಗುತ್ತಿದ್ದ: ಮೆಕ್ಸಿಕೋ ಮೆಕ್ಸಿಕೋ ಮೆಕ್ಸಿಕೋ!
ಬೆನ್ನಿಗೆ ಚೀಲ ಹೊತ್ತ ಬಿಳಿಯ ಬೆಚ್ಚಿ ನಿಂತ.
ನಾನು ಹತ್ತಿದೆ. ಅದು ಊರೊಳಗಿನ ಒಂದು ಚೌಕ, ಅಷ್ಟೆ,
ನಮ್ಮ ಮೆಕ್ಸಿಕೋಗೆ ವೀಸಾ ಬೇಡ.

ಪೆಟ್ಟಿಗೆಗೂ ಒಂದು ಸೀಟಿನ ದುಡ್ಡು ಕಿತ್ತ.
ಪಕ್ಕದ ಮುದುಕಿ ಅದರ ಮೇಲೆ ಕೈಯಿಟ್ಟು,
ಎಲ್ಲಿಂದ ಎಂದು ಕೇಳಲಿಲ್ಲ,
ತಿರುವುಗಳಲ್ಲಿ ಬೀಳದಂತೆ ಹಿಡಿದಳು.

ಕಿಟಕಿಯಾಚೆ ನನ್ನದೇ ಊರು ಅಂತೆ.
ಗಾಜಿನ ಕಟ್ಟಡ, ತಗಡಿನ ಬೇಲಿ, ಗಾಜು, ತಗಡು,
ಹಾಲಿನಂಗಡಿ ಇದ್ದಲ್ಲಿ ಒಂದು ಗುಂಡಿ,
ಗುಂಡಿಯಂಚಿಗೆ ಈ ತಿಂಗಳ ಹಳದಿ ಹೂ.
ಗುರುತು ಸಿಕ್ಕಿತೆಂದು ತಿಳಿದಾಗಲೆಲ್ಲ ತಪ್ಪಿತು.
ಒಂದು ಇಗರ್ಜಿಯ ಗುಮ್ಮಟ ಮಾತ್ರ ಸರಿಯಾದ ಜಾಗದಲ್ಲಿತ್ತು.

"ಇಳಿಯುವವರಿದ್ದಾರೆ!"

ನಾನೇ ಕೂಗಿದ್ದು. ಅಡುಗೆಮನೆಯಲ್ಲಿ ಪಿಸುಗುಟ್ಟಿ ಪಿಸುಗುಟ್ಟಿ
ಮುರುಟಿದ ಗಂಟಲು, ವ್ಯಾನಿನ ತಗಡು ಅದುರಿತು.
ಹುಡುಗ ಚಾವಣಿ ಬಡಿದ. ಬ್ರೇಕು.
ಮೊದಲು ಪೆಟ್ಟಿಗೆ ಇಳಿಯಿತು, ಆಮೇಲೆ ನಾನು.

ದಾರಿಬದಿ, ಹಸಿಹುಲ್ಲು ಹಾಸಿದ ಕಾಫಿಯವಳ ಹತ್ತಿರ
ಮಣೆಯಷ್ಟು ಎತ್ತರದ ಸ್ಟೂಲು.
ತಿರುನೆಶ್ ಕೂದಲು ಒಣಗಿಸಿಕೊಳ್ಳಲಿ.
ಪಕ್ಕದ ಚಮ್ಮಾರ ಕೇಳಿದ, ಗಂಟೆ ಎಷ್ಟಮ್ಮ?
ಕೈಗಡಿಯಾರದಲ್ಲಿ ಎಂಟು.
ಬೆರಳು ಮಡಿಸಿ ಮಡಿಸಿ ಆರು ಕಳೆದು
"ಎರಡು" ಅಂದೆ.
ಕಾಫಿಯವಳು ತಲೆಯಾಡಿಸಿ
ನನ್ನ ಲೋಟಕ್ಕೆ ಎರಡು ಚಮಚ ಸಕ್ಕರೆ ಹಾಕಿದಳು.